ಬರೆದಾಯಿತು ಎಂದ ಮೇಲೂ ಫೈಲ್ ಖಾಲಿ ಏಕೆ?

ಪ್ರಶ್ನೆ: ನಾನು ಬರೆದ ಪುಟ್ಟ ಪ್ರೋಗ್ರಾಂ ಒಂದು ಉಪಕರಣದಿಂದ ಬರುವ ಅಳತೆಗಳನ್ನು ನಿಮಿಷಕ್ಕೊಮ್ಮೆ ಫೈಲಿನಲ್ಲಿ ಉಳಿಸುತ್ತದೆ. ಪ್ರತಿ ಸಲವೂ ಹಳೆಯ ಫೈಲನ್ನು ಖಾಲಿ ಮಾಡಿ, ಇಡೀ ಪಟ್ಟಿಯನ್ನು ಹೊಸದಾಗಿ ಬರೆಯುತ್ತೇನೆ. ರೈಟ್ ಕರೆ ಯಶಸ್ವಿ ಎಂದೇ ಉತ್ತರ ಕೊಡುತ್ತದೆ. ಆದರೆ ವಿದ್ಯುತ್ ಹೋಗಿ ಲಿನಕ್ಸ್ ಯಂತ್ರ ಮತ್ತೆ ಶುರುವಾದಾಗ ಫೈಲಿನ ಹೆಸರು ಮಾತ್ರ ಇತ್ತು, ಗಾತ್ರ ಸೊನ್ನೆ. ಮೆಮೊರಿಯಲ್ಲಿರುವುದನ್ನೂ ಡಿಸ್ಕಿನಲ್ಲಿರುವುದನ್ನೂ ಒಂದೇ ಆಗಿಡುವುದು ಫೈಲ್ ಸಿಸ್ಟಂ ಡ್ರೈವರ್‌ನ ಕೆಲಸವಲ್ಲವೇ? ಇದು ಅದರ ದೋಷವೇ? ಒಂದೇ ಡಿಸ್ಕನ್ನು ಎರಡು ಯಂತ್ರಗಳಿಗೆ ಜೋಡಿಸಿ, ಒಂದು ಬರೆದದ್ದನ್ನು ಇನ್ನೊಂದು ಆಗಾಗ ಓದಿಕೊಳ್ಳುವಂತೆ ಮಾಡಿದರೆ ಈ ಅಪಾಯ ತಪ್ಪುತ್ತದೆಯೇ?

ಉತ್ತರ: ದೋಷ ಡ್ರೈವರ್‌ನದಲ್ಲ (ಡಿಸ್ಕಿನಲ್ಲಿ ಫೈಲುಗಳನ್ನು ಇಡುವ, ಹುಡುಕುವ ವ್ಯವಸ್ಥೆ ಫೈಲ್ ಸಿಸ್ಟಂ; ಅದನ್ನು ನಡೆಸುವ ತಂತ್ರಾಂಶ ಡ್ರೈವರ್). ಅದು ಕೊಟ್ಟ ಮಾತನ್ನು ಉಳಿಸಿಕೊಂಡಿದೆ. ಕೊಟ್ಟ ಮಾತು ನೀವು ಎಣಿಸಿದ್ದಕ್ಕಿಂತ ಚಿಕ್ಕದಾಗಿತ್ತು, ಅಷ್ಟೆ. ಮೆಮೊರಿಯನ್ನೂ ಡಿಸ್ಕನ್ನೂ ಸದಾ ಒಂದೇ ಆಗಿಡುತ್ತೇನೆ ಎಂದು ನಾವು ದಿನನಿತ್ಯ ಬಳಸುವ ಫೈಲ್ ಸಿಸ್ಟಂಗಳು ಹೇಳುವುದೇ ಇಲ್ಲ. ಅವು ಹೇಳುವುದು ಬೇರೆ. ಯಾವ ಕ್ಷಣದಲ್ಲಿ ವಿದ್ಯುತ್ ಹೋದರೂ ಡಿಸ್ಕಿನ ಮೇಲಿನ ಲೆಕ್ಕಪತ್ರ, ಅಂದರೆ ಯಾವ ಫೈಲ್ ಎಲ್ಲಿದೆ ಎಂಬ ದಾಖಲೆ, ಒಂದಕ್ಕೊಂದು ತಾಳೆಯಾಗುತ್ತದೆ ಎಂಬುದು ಮೊದಲ ಮಾತು. ಈ ಫೈಲ್ ಡಿಸ್ಕ್ ಸೇರಲೇಬೇಕು ಎಂದು ನೀವಾಗಿ ಕೇಳಿದರೆ, ಸೇರುವ ತನಕ ನಿಮ್ಮನ್ನು ಕಾಯಿಸಿ ಆಮೇಲೆ ಉತ್ತರ ಕೊಡುತ್ತೇನೆ ಎಂಬುದು ಎರಡನೆಯದು. ನೀವು ಕೇಳಿಲ್ಲ.

ರೈಟ್ ಕರೆ ಮಾಡಿದಾಗ ನಡೆಯುವುದು ಇಷ್ಟು. ನಿಮ್ಮ ಪ್ರೋಗ್ರಾಂನ ಮೆಮೊರಿಯಲ್ಲಿರುವ ಬೈಟುಗಳನ್ನು ಕರ್ನಲ್ (ಕಾರ್ಯಾಚರಣಾ ವ್ಯವಸ್ಥೆಯ ತಿರುಳು) ತನ್ನ ಮೆಮೊರಿಗೆ ನಕಲು ಮಾಡಿಕೊಳ್ಳುತ್ತದೆ. ಆ ಜಾಗಕ್ಕೆ ಪೇಜ್ ಕ್ಯಾಶ್ ಎಂದು ಹೆಸರು. ಅಲ್ಲಿನ ವ್ಯವಹಾರವೆಲ್ಲ ಸಾಮಾನ್ಯವಾಗಿ 4,096 ಬೈಟುಗಳ ಪುಟಗಳ ಲೆಕ್ಕದಲ್ಲಿ. ನಕಲಾದ ಪುಟದ ಮೇಲೆ ‘ಡರ್ಟಿ’ ಎಂಬ ಗುರುತು ಬೀಳುತ್ತದೆ: ಇದರಲ್ಲಿರುವುದು ಡಿಸ್ಕಿನಲ್ಲಿರುವುದಕ್ಕಿಂತ ಹೊಸದು, ಯಾವಾಗಲಾದರೂ ಅಲ್ಲಿಗೆ ಒಯ್ಯಬೇಕು ಎಂದರ್ಥ. ಗುರುತು ಹಾಕಿದ ಕೂಡಲೇ ಕರ್ನಲ್ ನಿಮಗೆ ‘ಆಯಿತು’ ಎನ್ನುತ್ತದೆ. ಡಿಸ್ಕಿನ ಕಡೆ ಅದು ಇನ್ನೂ ತಿರುಗಿಯೂ ನೋಡಿರುವುದಿಲ್ಲ.

ಇದನ್ನು ಸೋಮಾರಿತನ ಎನ್ನಬೇಡಿ. ಮೆಮೊರಿಗೆ ಒಂದು ಪುಟ ನಕಲು ಮಾಡುವುದು ಮೈಕ್ರೋಸೆಕೆಂಡಿನ ಮಾತು. ತಿರುಗುವ ಡಿಸ್ಕಿನಲ್ಲಿ ತಲೆಯನ್ನು ಒಂದು ಜಾಗದಿಂದ ಇನ್ನೊಂದಕ್ಕೆ ಒಯ್ದು ಬರೆಯಲು ಹಲವು ಮಿಲಿಸೆಕೆಂಡು ಬೇಕು. ಕಾದಷ್ಟೂ ಕೆಲಸ ಕಡಿಮೆಯಾಗುತ್ತದೆ. ಒಂದೇ ಪುಟವನ್ನು ನೂರು ಸಲ ತಿದ್ದಿದರೂ ಡಿಸ್ಕಿಗೆ ಒಮ್ಮೆ ಹೋದರೆ ಸಾಕು. ಅಕ್ಕಪಕ್ಕದ ಬ್ಲಾಕುಗಳು (ಡಿಸ್ಕಿನ ಜಾಗವನ್ನು ಹಂಚುವ ತುಂಡುಗಳು) ಒಟ್ಟಾಗಿ ಒಂದೇ ಆದೇಶದಲ್ಲಿ ಹೋಗುತ್ತವೆ. ಹುಟ್ಟಿ ಕೆಲವೇ ಸೆಕೆಂಡುಗಳಲ್ಲಿ ಅಳಿದುಹೋಗುವ ತಾತ್ಕಾಲಿಕ ಫೈಲುಗಳಂತೂ ಡಿಸ್ಕನ್ನು ಮುಟ್ಟದೆಯೇ ಮುಗಿದುಹೋಗಬಹುದು.

ಇಲ್ಲಿ ಬಹಳ ಜನರನ್ನು ದಾರಿ ತಪ್ಪಿಸುವ ಸಂಗತಿಯೊಂದಿದೆ. ಯಂತ್ರ ಚಾಲೂ ಇರುವ ತನಕ ಎಲ್ಲರಿಗೂ ಹೊಸದೇ ಕಾಣುತ್ತದೆ. ನೀವು ಬರೆದ ಮರುಗಳಿಗೆಯಲ್ಲಿ ಬೇರೊಂದು ಪ್ರೋಗ್ರಾಂ ಅದೇ ಫೈಲನ್ನು ತೆರೆದರೆ ಅದಕ್ಕೆ ಸಿಗುವುದು ಪೇಜ್ ಕ್ಯಾಶ್‌ನಲ್ಲಿರುವ ಅದೇ ಪುಟ. ಎಂಮ್ಯಾಪ್ ಮೂಲಕ ಫೈಲನ್ನು ಮೆಮೊರಿಗೆ ಜೋಡಿಸಿಕೊಂಡವರಿಗೂ ಅದೇ ಪುಟ. ಪ್ರೋಗ್ರಾಂಗಳ ನಡುವಿನ ಈ ಹೊಂದಾಣಿಕೆ ತಕ್ಷಣದ್ದು, ಪೂರ್ತಿಯಾದದ್ದು. ಹಾಗಾಗಿ ಬರೆದದ್ದನ್ನು ತೆರೆದು ನೋಡಿ ‘ಸರಿಯಾಗಿ ಉಳಿದಿದೆ’ ಎಂದು ನಂಬುವುದಕ್ಕೆ ಅರ್ಥವಿಲ್ಲ. ನೀವು ನೋಡಿದ್ದು ಮೆಮೊರಿಯನ್ನು, ಡಿಸ್ಕನ್ನಲ್ಲ. ಕ್ಯಾಶ್ ಅನ್ನು ಬದಿಗಿಟ್ಟು ನೇರವಾಗಿ ಡಿಸ್ಕಿಗೆ ಬರೆಯುವ ಡೈರೆಕ್ಟ್ ಐಒ ಎಂಬ ದಾರಿಯೂ ಇದೆ. ಅದನ್ನು ಹಿಡಿದವರಿಗಾಗಿ ಡ್ರೈವರ್ ಆ ಭಾಗದ ಡರ್ಟಿ ಪುಟಗಳನ್ನು ಮೊದಲು ಡಿಸ್ಕಿಗೆ ಕಳುಹಿಸಿ, ಕ್ಯಾಶ್‌ನಲ್ಲಿರುವ ಹಳೆಯ ಪ್ರತಿಗಳನ್ನು ರದ್ದು ಮಾಡುವ ಹೆಚ್ಚಿನ ಕೆಲಸ ಹೊತ್ತುಕೊಳ್ಳುತ್ತದೆ. ಎರಡು ದಾರಿಗಳನ್ನೂ ಒಂದೇ ಫೈಲಿನ ಮೇಲೆ ಬೆರೆಸುವವರನ್ನು ಕಂಡರೆ ಫೈಲ್ ಸಿಸ್ಟಂ ಬರೆಯುವವರಿಗೆ ಸಿಟ್ಟು ಬರುವುದು ಸಹಜ.

ಹಾಗಾದರೆ ಡರ್ಟಿ ಪುಟಗಳು ಹೊರಡುವುದು ಯಾವಾಗ? ಲಿನಕ್ಸ್‌ನಲ್ಲಿ ಇದಕ್ಕೆಂದೇ ಹಿನ್ನೆಲೆಯಲ್ಲಿ ಓಡುವ ಫ್ಲಶರ್ ಥ್ರೆಡ್‌ಗಳಿವೆ. ಕರ್ನಲ್‌ನ ಮೂಲ ಹೊಂದಿಕೆಯ ಪ್ರಕಾರ ಅವು 5 ಸೆಕೆಂಡಿಗೊಮ್ಮೆ ಎದ್ದು, ಡರ್ಟಿಯಾಗಿ 30 ಸೆಕೆಂಡು ದಾಟಿದ್ದನ್ನು ಡಿಸ್ಕಿಗೆ ಕಳುಹಿಸುತ್ತವೆ. ಬಳಕೆಗೆ ಸಿಗುವ ಮೆಮೊರಿಯಲ್ಲಿ ಡರ್ಟಿ ಪುಟಗಳ ಪಾಲು ಶೇ. 10 ದಾಟಿದರೆ ವಯಸ್ಸು ನೋಡದೆ ಕಳುಹಿಸಲು ಶುರು ಮಾಡುತ್ತವೆ. ಪಾಲು ಶೇ. 20ರತ್ತ ಏರಿದಂತೆ ಬರೆಯುತ್ತಿರುವ ಪ್ರೋಗ್ರಾಂ ಅನ್ನೇ ತಡೆದು ನಿಲ್ಲಿಸಲಾಗುತ್ತದೆ. ದೊಡ್ಡ ಫೈಲೊಂದನ್ನು ನಿಧಾನದ ಪೆನ್‌ಡ್ರೈವ್‌ಗೆ ನಕಲು ಮಾಡುವಾಗ ಎಷ್ಟು ಮುಗಿಯಿತು ಎಂದು ತೋರಿಸುತ್ತ ಮೊದಲು ಸರಸರನೆ ಓಡಿದ ಪಟ್ಟಿ ಇದ್ದಕ್ಕಿದ್ದಂತೆ ಕುಂಟುವುದು ಇದರಿಂದಲೇ. ವಿಂಡೋಸ್‌ನಲ್ಲಿ ಈ ಕೆಲಸ ಲೇಜಿ ರೈಟರ್ ಎಂಬುದರದು. ಅದು ಸೆಕೆಂಡಿಗೊಮ್ಮೆ ಎದ್ದು ಡರ್ಟಿ ಪುಟಗಳ ಎಂಟನೆಯ ಒಂದು ಭಾಗವನ್ನು ಬರೆಯಲು ಸರದಿಗೆ ಹಾಕುತ್ತದೆ. ಲಿನಕ್ಸ್‌ನಲ್ಲಿ ಎಷ್ಟು ಬಾಕಿ ಇದೆ ಎಂದು ನೋಡಬೇಕಾದರೆ ಪ್ರಾಕ್ ಎಂಬ ಡೈರೆಕ್ಟರಿಯ ಅಡಿಯಲ್ಲಿರುವ ಮೆಮ್‌ಇನ್ಫೋ ಫೈಲಿನಲ್ಲಿ ‘ಡರ್ಟಿ’ ಮತ್ತು ‘ರೈಟ್‌ಬ್ಯಾಕ್’ ಎಂಬ ಎರಡು ಸಾಲುಗಳನ್ನು ಗಮನಿಸಿ. ಒಮ್ಮೆ ಆ ಅಂಕಿ ಏರಿಳಿಯುವುದನ್ನು ಕಣ್ಣಾರೆ ಕಂಡರೆ ನನ್ನ ಅರ್ಧ ವಿವರಣೆ ಬೇಕಾಗುವುದಿಲ್ಲ.

ಇಷ್ಟರವರೆಗಿನದು ಸುಲಭದ ಭಾಗ: ತಡವಾಗಿ ಬರೆಯುವುದು. ಡ್ರೈವರ್‌ಗೆ ನಿಜವಾಗಿ ತಲೆನೋವು ತರುವುದು ತಡವಲ್ಲ, ಕ್ರಮ. ಯಾವುದು ಮೊದಲು, ಯಾವುದು ಆಮೇಲೆ ಎಂಬುದು.

ಒಂದು ಫೈಲಿನ ಕೊನೆಗೆ ಒಂದೇ ಒಂದು ಬ್ಲಾಕ್ ಸೇರಿಸುತ್ತೀರಿ ಎನ್ನಿ. ಡಿಸ್ಕಿನ ಮೇಲೆ ಕನಿಷ್ಠ ಮೂರು ಕಡೆ ಬದಲಾವಣೆಯಾಗಬೇಕು. ಹೊಸ ಬ್ಲಾಕಿನಲ್ಲಿ ನಿಮ್ಮ ದತ್ತಾಂಶ. ಫೈಲಿನ ಗಾತ್ರವನ್ನೂ ಅದರ ಬ್ಲಾಕುಗಳ ವಿಳಾಸವನ್ನೂ ಇಟ್ಟುಕೊಂಡಿರುವ ಐನೋಡ್. ಯಾವ ಬ್ಲಾಕ್ ಖಾಲಿ, ಯಾವುದು ಬಳಕೆಯಲ್ಲಿದೆ ಎಂದು ಹೇಳುವ ಬಿಟ್‌ಮ್ಯಾಪ್. ಡಿಸ್ಕ್ ಒಂದು ಸೆಕ್ಟರನ್ನು, ಅಂದರೆ 512 ಅಥವಾ 4,096 ಬೈಟುಗಳನ್ನು, ಸಾಮಾನ್ಯವಾಗಿ ಅರ್ಧಕ್ಕೆ ಬಿಡದೆ ಬರೆಯುತ್ತದೆ. ಮೂರು ಬೇರೆ ಬೇರೆ ಜಾಗಗಳನ್ನು ಒಟ್ಟಿಗೆ ಬರೆಯುತ್ತೇನೆ ಎಂಬ ಭರವಸೆ ಅದರ ಬಳಿ ಇಲ್ಲ. ನಡುವೆ ವಿದ್ಯುತ್ ಹೋಗಬಹುದು. ದತ್ತಾಂಶ ಮಾತ್ರ ತಲುಪಿದ್ದರೆ ದೊಡ್ಡ ನಷ್ಟವಿಲ್ಲ. ಅದನ್ನು ಯಾರೂ ತೋರಿಸುತ್ತಿಲ್ಲ, ಬರೆದೇ ಇಲ್ಲ ಎಂದುಕೊಂಡರಾಯಿತು. ಬಿಟ್‌ಮ್ಯಾಪ್ ಮಾತ್ರ ತಲುಪಿದ್ದರೆ ಒಂದು ಬ್ಲಾಕ್ ಯಾರಿಗೂ ದಕ್ಕದೆ ಪೋಲಾಗುತ್ತದೆ. ಐನೋಡ್ ಮಾತ್ರ ತಲುಪಿದ್ದರೆ ಕಷ್ಟ ಶುರು. ಫೈಲ್ ತೋರಿಸುತ್ತಿರುವ ಬ್ಲಾಕಿನಲ್ಲಿ ಯಾವುದೋ ಹಳೆಯ ಕಸವಿದೆ; ಅದೂ ಸಾಲದೆ ಬಿಟ್‌ಮ್ಯಾಪ್ ಪ್ರಕಾರ ಆ ಬ್ಲಾಕ್ ಇನ್ನೂ ಖಾಲಿ, ನಾಳೆ ಬೇರೊಂದು ಫೈಲಿಗೂ ಅದನ್ನೇ ಕೊಡಲಾಗುತ್ತದೆ. ಒಂದು ಬ್ಲಾಕಿಗೆ ಇಬ್ಬರು ಒಡೆಯರು. ಇಂಥ ಡಿಸ್ಕನ್ನು ಹಾಗೆಯೇ ಬಳಸುತ್ತ ಹೋದರೆ ಒಂದು ಫೈಲನ್ನು ತಿದ್ದಿದಾಗ ಇನ್ನೊಂದು ಕೆಡುತ್ತದೆ.

ಹಿಂದೆ ಇದಕ್ಕೆ ಮದ್ದು ಎಂದರೆ ಎಫ್‌ಎಸ್‌ಸಿಕೆ ಆಗಿತ್ತು: ಯಂತ್ರ ಮತ್ತೆ ಶುರುವಾದಾಗ ಇಡೀ ಡಿಸ್ಕಿನ ಐನೋಡ್‌ಗಳನ್ನೂ ಬಿಟ್‌ಮ್ಯಾಪ್‌ಗಳನ್ನೂ ಡೈರೆಕ್ಟರಿಗಳನ್ನೂ ಒಂದೊಂದಾಗಿ ತಾಳೆ ನೋಡುವುದು. ಡಿಸ್ಕ್ ಬೆಳೆದಂತೆ ಈ ತಪಾಸಣೆ ಗಂಟೆಗಟ್ಟಲೆ ಹಿಡಿಯತೊಡಗಿತು. ಐದು ಬ್ಲಾಕ್ ಅರ್ಧಕ್ಕೆ ನಿಂತದ್ದಕ್ಕೆ ಕೋಟಿ ಬ್ಲಾಕುಗಳನ್ನು ತಡಕಾಡುವ ಶಿಕ್ಷೆ ಅದು.

ಜರ್ನಲ್ ಬಂದದ್ದು ಇದಕ್ಕೆ ಉತ್ತರವಾಗಿ. ವಿಂಡೋಸ್‌ನ ಫೈಲ್ ಸಿಸ್ಟಂ ಎನ್‌ಟಿಎಫ್‌ಎಸ್ 1993ರಿಂದಲೇ ಲಾಗ್ ಇಟ್ಟುಕೊಂಡು ಬಂದಿದೆ. ಲಿನಕ್ಸ್ ಕರ್ನಲ್‌ನ ಮುಖ್ಯ ಶಾಖೆಗೆ ಜರ್ನಲ್ ಇರುವ ಇಎಕ್ಸ್‌ಟಿ3 ಎಂಬ ಫೈಲ್ ಸಿಸ್ಟಂ ಸೇರಿದ್ದು 2001ರಲ್ಲಿ, ಅದರ ಮುಂದಿನ ರೂಪ ಇಎಕ್ಸ್‌ಟಿ4 ಸ್ಥಿರ ಎನಿಸಿಕೊಂಡಿದ್ದು 2008ರ ಕೊನೆಯಲ್ಲಿ. ವಿಧಾನದ ತಿರುಳು ವ್ಯಾಪಾರಿಗಳ ಕಿರ್ದಿ ಪುಸ್ತಕದ್ದೇ: ವ್ಯವಹಾರವನ್ನು ಮೊದಲು ಕಿರ್ದಿಯಲ್ಲಿ ಬರೆದುಕೊಂಡು, ಆಮೇಲೆ ಬಿಡುವಾದಾಗ ಖಾತೆಗಳಿಗೆ ಏರಿಸುವುದು. ಇಎಕ್ಸ್‌ಟಿ4 ಬದಲಾಗಬೇಕಾದ ಐನೋಡ್, ಬಿಟ್‌ಮ್ಯಾಪ್, ಡೈರೆಕ್ಟರಿ ಬ್ಲಾಕುಗಳ ಹೊಸ ರೂಪವನ್ನು ಮೊದಲು ಜರ್ನಲ್ ಎಂಬ ಮೀಸಲು ಜಾಗದಲ್ಲಿ ಸಾಲಾಗಿ ಬರೆಯುತ್ತದೆ. ಅವೆಲ್ಲ ತಲುಪಿದ್ದು ಖಚಿತವಾದ ಮೇಲೆ ಕಮಿಟ್ ಬ್ಲಾಕ್ ಎಂಬ ಒಂದು ಸಣ್ಣ ಮುದ್ರೆ ಒತ್ತುತ್ತದೆ. ಮುದ್ರೆ ಬಿದ್ದ ನಂತರವೇ ಆ ಬ್ಲಾಕುಗಳನ್ನು ಅವುಗಳ ಸ್ವಂತ ಜಾಗಕ್ಕೆ ಒಯ್ಯುವುದು. ವಿದ್ಯುತ್ ಹೋಗಿ ಮರಳಿದಾಗ ಡ್ರೈವರ್ ಜರ್ನಲನ್ನು ಓದುತ್ತದೆ. ಮುದ್ರೆ ಇರುವ ವ್ಯವಹಾರವನ್ನು ಮತ್ತೊಮ್ಮೆ ಪೂರ್ತಿಯಾಗಿ ಮಾಡುತ್ತದೆ, ಮುದ್ರೆ ಇಲ್ಲದ್ದನ್ನು ಎಸೆಯುತ್ತದೆ. ಒಂದೇ ಬ್ಲಾಕನ್ನು ಎರಡು ಸಲ ಬರೆದರೂ ಫಲ ಒಂದೇ ಆದ್ದರಿಂದ, ಈ ಮರುಬರವಣಿಗೆಯ ನಡುವೆ ಮತ್ತೆ ವಿದ್ಯುತ್ ಹೋದರೂ ಚಿಂತೆಯಿಲ್ಲ.

ಕೇಳಲು ಸರಳ, ಆದರೆ ಒಳಗೆ ಬಲೆಗಳಿವೆ. ನನಗೆ ಬಹಳ ಮೆಚ್ಚಿಗೆಯಾದ ಒಂದನ್ನು ಹೇಳುತ್ತೇನೆ. ಒಂದು ಬ್ಲಾಕ್ ನಿನ್ನೆಯವರೆಗೆ ಡೈರೆಕ್ಟರಿಯದಾಗಿತ್ತು. ಅದರ ಪ್ರತಿ ಜರ್ನಲ್‌ನಲ್ಲಿ ಇನ್ನೂ ಇದೆ. ಡೈರೆಕ್ಟರಿಯನ್ನು ಅಳಿಸಿದಿರಿ, ಆ ಬ್ಲಾಕ್ ಒಂದು ಚಿತ್ರದ ಫೈಲಿಗೆ ಹೋಯಿತು, ಚಿತ್ರದ ದತ್ತಾಂಶ ನೇರವಾಗಿ ಅಲ್ಲಿ ಬರೆದೂ ಆಯಿತು. ಈಗ ವಿದ್ಯುತ್ ಹೋದರೆ? ಜರ್ನಲ್ ಮರುಬರೆಯುವಾಗ ಹಳೆಯ ಡೈರೆಕ್ಟರಿಯ ಪ್ರತಿ ಬಂದು ಹೊಸ ಚಿತ್ರದ ಮೇಲೆ ಕೂರುತ್ತದೆ! ಇದನ್ನು ತಪ್ಪಿಸಲು ಜರ್ನಲ್‌ನಲ್ಲಿ ರಿವೋಕ್ ಎಂಬ ನಮೂದುಗಳಿವೆ: ಇದಕ್ಕಿಂತ ಹಿಂದಿನ ಈ ಬ್ಲಾಕಿನ ಪ್ರತಿಗಳನ್ನು ಮುಟ್ಟಬೇಡ ಎಂಬ ತಾಕೀತು. ಮರುಬರವಣಿಗೆಗೆ ಮುನ್ನ ಡ್ರೈವರ್ ಒಂದು ಸುತ್ತು ಓಡಿ ಈ ತಾಕೀತುಗಳನ್ನೆಲ್ಲ ಆಯ್ದುಕೊಳ್ಳುತ್ತದೆ.

ನಿಮ್ಮ ಪ್ರಶ್ನೆಗೆ ಮುಖ್ಯವಾದದ್ದು ಇದು: ಸಾಮಾನ್ಯ ಹೊಂದಿಕೆಯಲ್ಲಿ ಜರ್ನಲ್‌ಗೆ ಹೋಗುವುದು ಮೆಟಾಡೇಟಾ ಮಾತ್ರ, ಅಂದರೆ ಫೈಲಿನ ಕುರಿತ ಲೆಕ್ಕ, ಫೈಲಿನೊಳಗಿನ ದತ್ತಾಂಶವಲ್ಲ. ಎನ್‌ಟಿಎಫ್‌ಎಸ್‌ನ ಕಥೆಯೂ ಇದೇ. ದತ್ತಾಂಶವನ್ನೂ ಜರ್ನಲ್‌ಗೆ ಹಾಕಬೇಕೆಂದರೆ ಇಎಕ್ಸ್‌ಟಿ4ನಲ್ಲಿ ಅದಕ್ಕೊಂದು ಆಯ್ಕೆ ಇದೆ, ಆದರೆ ಪ್ರತಿಯೊಂದನ್ನೂ ಎರಡೆರಡು ಸಲ ಬರೆಯುವ ದಂಡ ತೆರಬೇಕು. ಅದರ ಸಹಜ ಹೊಂದಿಕೆ ‘ಆರ್ಡರ್ಡ್’: ಹೊಸ ಬ್ಲಾಕಿಗೆ ಸೇರಬೇಕಾದ ದತ್ತಾಂಶ ಅದರ ಜಾಗಕ್ಕೆ ಹೋದ ಮೇಲೆಯೇ ಆ ಬ್ಲಾಕನ್ನು ತೋರಿಸುವ ಐನೋಡ್‌ಗೆ ಮುದ್ರೆ ಬೀಳುತ್ತದೆ. ಈ ಕ್ರಮ ಇಲ್ಲದಿದ್ದರೆ, ಹೊಸ ಫೈಲಿನೊಳಗೆ ಬೇರೊಬ್ಬರು ಅಳಿಸಿದ ಫೈಲಿನ ಚೂರು ಕಾಣಿಸಿಕೊಳ್ಳಬಹುದು. ಅದು ಬರೀ ಗಲೀಜಲ್ಲ, ಗುಟ್ಟು ಬಯಲಾಗುವ ವಿಷಯ.

ಎಲ್ಲರೂ ಜರ್ನಲ್ ಹಿಡಿದೇ ನಡೆಯುವುದಿಲ್ಲ. ಝಡ್‌ಎಫ್‌ಎಸ್ ಮತ್ತು ಬಿಟಿಆರ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಂಗಳು ಬಳಕೆಯಲ್ಲಿರುವ ಬ್ಲಾಕಿನ ಮೇಲೆ ಮತ್ತೆ ಬರೆಯುವುದನ್ನೇ ತಪ್ಪಿಸುತ್ತವೆ. ಹೊಸದೆಲ್ಲ ಖಾಲಿ ಜಾಗಕ್ಕೆ ಹೋಗುತ್ತದೆ, ಅದನ್ನು ತೋರಿಸುವ ಮೇಲಿನ ಬ್ಲಾಕಿನ ಹೊಸ ಪ್ರತಿಯೂ ಖಾಲಿ ಜಾಗಕ್ಕೆ, ಹೀಗೆ ಮರದಂತೆ ಕವಲೊಡೆದ ಬ್ಲಾಕುಗಳ ಬೇರಿನವರೆಗೆ. ಕೊನೆಗೆ ಬೇರಿನ ವಿಳಾಸವೊಂದನ್ನು ಬದಲಿಸಿದರೆ ಇಡೀ ಮರ ಒಮ್ಮೆಗೇ ಹೊಸದಾಗುತ್ತದೆ. ಬಿಎಸ್‌ಡಿ ಎಂಬ ಯುನಿಕ್ಸ್ ವ್ಯವಸ್ಥೆಯ ಸಾಫ್ಟ್ ಅಪ್‌ಡೇಟ್ಸ್ ಮೂರನೆಯ ದಾರಿ: ಜರ್ನಲ್ ಇಲ್ಲದೆ, ಯಾವ ಬ್ಲಾಕ್ ಯಾವುದಕ್ಕಿಂತ ಮೊದಲು ಹೋಗಬೇಕು ಎಂಬ ಅವಲಂಬನೆಗಳನ್ನು ಮೆಮೊರಿಯಲ್ಲೇ ಲೆಕ್ಕವಿಟ್ಟು ಕ್ರಮ ಕಾಯುವುದು. ಅದರ ಕೋಡ್ ಓದಿ ಅರ್ಥ ಮಾಡಿಕೊಂಡವರ ಬಗ್ಗೆ ನನಗೆ ಗೌರವವಿದೆ.

ಈ ಎಲ್ಲ ಜಾಣತನದ ಕೆಳಗೆ ಇನ್ನೊಬ್ಬ ಆಟಗಾರನಿದ್ದಾನೆ: ಡಿಸ್ಕ್ ಸ್ವತಃ. ಅದಕ್ಕೂ ತನ್ನದೇ ಕ್ಯಾಶ್ ಇದೆ. ಡ್ರೈವರ್ ಕಳುಹಿಸಿದ್ದನ್ನು ಆ ಕ್ಯಾಶ್‌ಗೆ ಹಾಕಿಕೊಂಡು ‘ಬರೆದೆ’ ಎಂದುಬಿಡುತ್ತದೆ. ಆಮೇಲೆ ತನಗೆ ಅನುಕೂಲವಾದ ಕ್ರಮದಲ್ಲಿ ಬರೆಯುತ್ತದೆ. ಮುದ್ರೆ ಮೊದಲು, ಜರ್ನಲ್‌ನ ವಿವರ ಆಮೇಲೆ ಹೋದರೆ ಜರ್ನಲ್‌ಗೆ ಬೆಲೆ ಏನು ಉಳಿಯಿತು? ಹಾಗಾಗಿ ಡ್ರೈವರ್ ಮುದ್ರೆಯ ಮುನ್ನ ‘ಈವರೆಗೆ ಕೊಟ್ಟದ್ದನ್ನೆಲ್ಲ ಕ್ಯಾಶ್‌ನಿಂದ ಇಳಿಸು’ ಎಂಬ ಫ್ಲಶ್ ಆದೇಶ ಕೊಡುತ್ತದೆ. ಡಿಸ್ಕನ್ನು ಯಂತ್ರಕ್ಕೆ ಜೋಡಿಸುವ ಸಾಟಾ, ಸ್ಕಸಿ, ಎನ್‌ವಿಎಂಇ ಎಂಬ ಮೂರು ಬಗೆಗಳಲ್ಲೂ ಇಂಥದ್ದೊಂದು ಆದೇಶ ಇದೆ. ಮುದ್ರೆಯನ್ನು ಬರೆಯುವಾಗ ಎಫ್‌ಯುಎ ಎಂಬ ಗುರುತು ಇರುತ್ತದೆ: ಇದೊಂದನ್ನು ಕ್ಯಾಶ್‌ನಲ್ಲಿ ಇಟ್ಟುಕೊಳ್ಳದೆ ನೇರವಾಗಿ ಶಾಶ್ವತ ಜಾಗಕ್ಕೆ ಬರೆದ ಮೇಲೆ ಉತ್ತರ ಕೊಡು ಎಂದು. ವೇಗ ಹೆಚ್ಚುತ್ತದೆ ಎಂದು ಇದನ್ನು ನಿಲ್ಲಿಸುವ ‘ನೋಬ್ಯಾರಿಯರ್’ ಎಂಬ ಮೌಂಟ್ ಆಯ್ಕೆಯನ್ನು (ಡಿಸ್ಕನ್ನು ಬಳಕೆಗೆ ತೆರೆಯುವಾಗ, ಅಂದರೆ ಮೌಂಟ್ ಮಾಡುವಾಗ, ಕೊಡುವ ಸೂಚನೆಯನ್ನು) ಹಾಕುವ ಸಲಹೆ ಅಲ್ಲಲ್ಲಿ ಕಾಣುತ್ತದೆ. ವಿದ್ಯುತ್ ಹೋದಾಗ ಕ್ಯಾಶ್ ಖಾಲಿ ಮಾಡುವಷ್ಟು ಶಕ್ತಿ ಹಿಡಿದಿಡುವ ಕೆಪಾಸಿಟರ್ ಅಥವಾ ಬ್ಯಾಟರಿ ಇರುವ ಉಪಕರಣ ನಿಮ್ಮದಲ್ಲವಾದರೆ ಆ ಸಲಹೆಯನ್ನು ಕಿವಿಗೆ ಹಾಕಿಕೊಳ್ಳಬೇಡಿ. ಅಂಥ ಉಪಕರಣ ಇದ್ದರೂ ಲಾಭ ಕಡಿಮೆ, ಏಕೆಂದರೆ ಅದು ಫ್ಲಶ್ ಆದೇಶಕ್ಕೆ ಹೇಗೂ ತಕ್ಷಣ ಉತ್ತರ ಕೊಡಬಲ್ಲದು.

ಈಗ ನಿಮ್ಮ ಸೊನ್ನೆ ಗಾತ್ರದ ಫೈಲಿಗೆ ಬರೋಣ. ನಿಮ್ಮ ಫೈಲ್ ಸಿಸ್ಟಂ ಇಎಕ್ಸ್‌ಟಿ4 ಎಂದುಕೊಳ್ಳುತ್ತೇನೆ. ಫೈಲನ್ನು ಖಾಲಿ ಮಾಡುವುದು ಮೆಟಾಡೇಟಾದ ಬದಲಾವಣೆ; ಇಎಕ್ಸ್‌ಟಿ4ನಲ್ಲಿ ಜರ್ನಲ್ ಸುಮಾರು 5 ಸೆಕೆಂಡಿಗೊಮ್ಮೆ ಮುದ್ರೆ ಒತ್ತುತ್ತದೆ, ಹಾಗಾಗಿ ‘ಗಾತ್ರ ಸೊನ್ನೆ’ ಎಂಬುದು ಬೇಗ ಡಿಸ್ಕ್ ಸೇರುತ್ತದೆ. ನೀವು ಬರೆದ ಹೊಸ ದತ್ತಾಂಶಕ್ಕೆ ಡಿಸ್ಕಿನಲ್ಲಿ ಜಾಗ ಗೊತ್ತು ಮಾಡುವುದನ್ನೇ ಇಎಕ್ಸ್‌ಟಿ4 ಮುಂದೂಡುತ್ತದೆ. ಒಟ್ಟು ಎಷ್ಟು ಬರುತ್ತದೆ ಎಂದು ತಿಳಿದ ಮೇಲೆ ಒಂದೇ ಕಡೆ ಸಾಲಾಗಿ ಜಾಗ ಕೊಡಬಹುದಲ್ಲ ಎಂಬ ಲೆಕ್ಕಾಚಾರ. ಜಾಗವೇ ಗೊತ್ತಾಗದ ದತ್ತಾಂಶಕ್ಕೆ ‘ಆರ್ಡರ್ಡ್’ ನಿಯಮ ಅನ್ವಯಿಸುವುದಿಲ್ಲ. ಎರಡರ ನಡುವಿನ ಈ ಅವಧಿಯಲ್ಲಿ ವಿದ್ಯುತ್ ಹೋದರೆ ಉಳಿಯುವುದು ಹೆಸರು ಮತ್ತು ಸೊನ್ನೆ. ಲೆಕ್ಕಪತ್ರದ ದೃಷ್ಟಿಯಲ್ಲಿ ಅದು ಅಚ್ಚುಕಟ್ಟಾದ, ತಾಳೆಯಾಗುವ ಸ್ಥಿತಿಯೇ.

2009ರಲ್ಲಿ ಇದೇ ಕಾರಣಕ್ಕೆ ಬಹಳ ಜನರ ಸಂರಚನಾ ಫೈಲುಗಳು ಖಾಲಿಯಾದವು, ದೊಡ್ಡ ವಾದವೇ ನಡೆಯಿತು. ಪ್ರೋಗ್ರಾಂ ಬರೆದವರದೇ ತಪ್ಪು ಎಂದು ಒಂದು ಪಕ್ಷ. ಹಿಂದೆ ನಡೆಯುತ್ತಿದ್ದುದು ಈಗ ನಡೆಯದಿದ್ದರೆ ಫೈಲ್ ಸಿಸ್ಟಂನ ತಪ್ಪು ಎಂದು ಇನ್ನೊಂದು. ನಿಯಮ ಮೊದಲಿನವರ ಕಡೆ ಇತ್ತು, ಅನುಭವ ಎರಡನೆಯವರ ಕಡೆ ಇತ್ತು ಎಂದು ನನ್ನ ಅಭಿಪ್ರಾಯ. ಕೊನೆಗೆ 2.6.30ರ ಕರ್ನಲ್‌ನಲ್ಲಿ ಒಂದು ರಾಜಿ ಬಂತು: ಖಾಲಿ ಮಾಡಿದ ಫೈಲನ್ನು ಮತ್ತೆ ಬರೆದು ಮುಚ್ಚಿದಾಗ, ಅಥವಾ ಹೊಸ ಫೈಲಿಗೆ ಹಳೆಯದರ ಹೆಸರಿಟ್ಟಾಗ, ದತ್ತಾಂಶವನ್ನು ತಡಮಾಡದೆ ಹೊರಡಿಸುವುದು. ಇದು ಅಪಾಯದ ಕಿಂಡಿಯನ್ನು ಕಿರಿದಾಗಿಸುತ್ತದೆ, ಮುಚ್ಚುವುದಿಲ್ಲ. ನಿಮ್ಮ ಪ್ರೋಗ್ರಾಂ ಫೈಲನ್ನು ಮುಚ್ಚದೆ ತೆರೆದೇ ಇಟ್ಟುಕೊಂಡಿದ್ದರೆ ಈ ರಾಜಿಯೂ ನಿಮಗೆ ದಕ್ಕುವುದಿಲ್ಲ.

ಸರಿಯಾದ ದಾರಿ ಹಳೆಯದನ್ನು ಮುಟ್ಟದಿರುವುದು. ಅದೇ ಡೈರೆಕ್ಟರಿಯಲ್ಲಿ ಬೇರೆ ಹೆಸರಿನ ಫೈಲೊಂದನ್ನು ತೆರೆದು ಎಲ್ಲವನ್ನೂ ಬರೆಯಿರಿ. ಅದರ ಮೇಲೆ ಎಫ್‌ಸಿಂಕ್ ಕರೆ ಮಾಡಿ (‘ಈ ಫೈಲ್ ಡಿಸ್ಕ್ ಸೇರಲೇಬೇಕು’ ಎಂದು ಕೇಳುವುದು ಎಂದು ಮೊದಲೇ ಹೇಳಿದೆನಲ್ಲ, ಅದೇ ಇದು), ಅದು ಕೊಟ್ಟ ಉತ್ತರವನ್ನು ನೋಡಿ. ಯಶಸ್ವಿಯಾದರೆ ರಿನೇಮ್ ಮೂಲಕ ಹಳೆಯ ಹೆಸರನ್ನು ಹೊಸ ಫೈಲಿಗೆ ಕೊಡಿ. ಹೆಸರು ಬದಲಾವಣೆ ಅರ್ಧಂಬರ್ಧ ಆಗುವಂಥದ್ದಲ್ಲ, ಹಳೆಯ ಫೈಲಾದರೂ ಪೂರ್ತಿ ಇರುತ್ತದೆ, ಹೊಸದಾದರೂ ಪೂರ್ತಿ ಇರುತ್ತದೆ. ಕೊನೆಗೆ ಡೈರೆಕ್ಟರಿಯನ್ನು ತೆರೆದು ಅದರ ಮೇಲೂ ಎಫ್‌ಸಿಂಕ್ ಮಾಡಿ, ಏಕೆಂದರೆ ಹೆಸರು ಇರುವುದು ಫೈಲಿನಲ್ಲಲ್ಲ, ಡೈರೆಕ್ಟರಿಯಲ್ಲಿ. ಈ ಕೊನೆಯ ಹೆಜ್ಜೆಯನ್ನು ಮರೆಯುವವರೇ ಹೆಚ್ಚು. ಸಿ ಭಾಷೆಯ ಎಫ್‌ಪ್ರಿಂಟ್‌ಎಫ್ ಬಳಸುತ್ತಿದ್ದರೆ ಎಫ್‌ಸಿಂಕ್‌ಗೆ ಮೊದಲು ಎಫ್‌ಫ್ಲಶ್ ಬೇಕು; ಅದಿಲ್ಲದಿದ್ದರೆ ಬೈಟುಗಳು ಇನ್ನೂ ನಿಮ್ಮ ಪ್ರೋಗ್ರಾಂನ ಒಳಗಿನ ಬಫರ್‌ನಲ್ಲೇ ಇರುತ್ತವೆ, ಕರ್ನಲ್‌ಗೆ ಅವುಗಳ ಸುದ್ದಿಯೇ ಇರುವುದಿಲ್ಲ. ಬರೀ ಎಫ್‌ಫ್ಲಶ್ ಮಾಡಿದರೆ ಡಿಸ್ಕ್ ಮುಟ್ಟಿತು ಎಂದುಕೊಳ್ಳುವುದೂ ಅಷ್ಟೇ ತಪ್ಪು. ಮ್ಯಾಕ್ ಯಂತ್ರದಲ್ಲಿ ಎಫ್‌ಸಿಂಕ್ ದತ್ತಾಂಶವನ್ನು ಡಿಸ್ಕಿನವರೆಗೆ ಒಯ್ಯುತ್ತದೆಯೇ ಹೊರತು ಡಿಸ್ಕಿನ ಕ್ಯಾಶ್ ಅನ್ನು ಖಾಲಿ ಮಾಡಿಸುವುದಿಲ್ಲ. ಅದಕ್ಕೆ ಎಫ್‌ಸಿಎನ್‌ಟಿಎಲ್ ಕರೆಯ ಎಫ್‌ಫುಲ್‌ಎಫ್‌ಸಿಂಕ್ ಎಂಬ ಆಯ್ಕೆ ಬಳಸಬೇಕು.

ಆದರೆ ನಿಮ್ಮ ಕೆಲಸಕ್ಕೆ ನಾನು ಇದನ್ನೂ ಸೂಚಿಸುವುದಿಲ್ಲ. ನಿಮಿಷಕ್ಕೊಂದು ಅಳತೆ ಸೇರಿಸಲು ಇಡೀ ಪಟ್ಟಿಯನ್ನು ಮತ್ತೆ ಬರೆಯುವುದೇಕೆ? ಕೊನೆಗೆ ಒಂದು ಸಾಲು ಸೇರಿಸಿ, ಆ ಸಾಲಿನ ತುದಿಗೆ ಒಂದು ಚೆಕ್‌ಸಮ್ (ಸಾಲಿನ ಬೈಟುಗಳಿಂದ ಲೆಕ್ಕಹಾಕಿದ, ಸಾಲು ಕೆಟ್ಟಿದೆಯೇ ಎಂದು ತಿಳಿಸುವ ಅಂಕಿ) ಇಡಿ, ಎಫ್‌ಡೇಟಾಸಿಂಕ್ ಕರೆ ಮಾಡಿ. ಅದು ಫೈಲ್ ಬದಲಾದ ಸಮಯದಂಥ ಅನಗತ್ಯ ಮೆಟಾಡೇಟಾವನ್ನು ಬಿಟ್ಟು, ಓದಲು ಬೇಕಾದ ಗಾತ್ರದಂಥದ್ದನ್ನು ಮಾತ್ರ ದತ್ತಾಂಶದ ಜೊತೆ ಒಯ್ಯುತ್ತದೆ. ಯಂತ್ರ ಮರಳಿ ಶುರುವಾದಾಗ ಕೊನೆಯ ಸಾಲಿನ ಚೆಕ್‌ಸಮ್ ಹೊಂದದಿದ್ದರೆ ಆ ಸಾಲನ್ನು ಕತ್ತರಿಸಿ ಎಸೆಯಿರಿ. ಹೆಚ್ಚೆಂದರೆ ಒಂದು ಅಳತೆ ಹೋಗುತ್ತದೆ. ಇಷ್ಟೂ ಬೇಡವೆನಿಸಿದರೆ ಎಸ್‌ಕ್ಯುಲೈಟ್ ಎಂಬ ಪುಟ್ಟ ಡೇಟಾಬೇಸ್ ಬಳಸಿ. ಈ ತಾಪತ್ರಯಗಳನ್ನೆಲ್ಲ ಅದು ನಿಮ್ಮ ಪರವಾಗಿ ನೋಡಿಕೊಳ್ಳುತ್ತದೆ. ನಿಮಿಷಕ್ಕೊಂದು ಎಫ್‌ಸಿಂಕ್ ಯಾವ ಡಿಸ್ಕಿಗೂ ಭಾರವಲ್ಲ. ಸೆಕೆಂಡಿಗೆ ಸಾವಿರ ಅಳತೆ ಬರುವಂತಿದ್ದರೆ ಮಾತು ಬೇರೆ. ಆಗ ಗುಂಪು ಮಾಡಿ ಒಂದೇ ಎಫ್‌ಸಿಂಕ್‌ನಲ್ಲಿ ಮುಗಿಸಬೇಕು. ಎಫ್‌ಸಿಂಕ್ ಪುಕ್ಕಟೆಯಲ್ಲ. 2008ರಲ್ಲಿ ಫೈರ್‌ಫಾಕ್ಸ್ 3 ಪದೇಪದೇ ಎಫ್‌ಸಿಂಕ್ ಕರೆಯುತ್ತಿತ್ತು. ಇಎಕ್ಸ್‌ಟಿ3 ಮಾತ್ರ ಒಂದು ಫೈಲಿಗಾಗಿ ಕೇಳಿದರೂ ಇತರ ಫೈಲುಗಳ ಬಾಕಿ ದತ್ತಾಂಶವನ್ನೂ ಕಳುಹಿಸಲು ಹೊರಡುತ್ತಿತ್ತು. ಹಿನ್ನೆಲೆಯಲ್ಲಿ ದೊಡ್ಡ ನಕಲು ನಡೆಯುತ್ತಿದ್ದರೆ ಬ್ರೌಸರ್ ಸೆಕೆಂಡುಗಟ್ಟಲೆ ಹೆಪ್ಪುಗಟ್ಟಿ ಕೂರುತ್ತಿತ್ತು.

ಎಫ್‌ಸಿಂಕ್ ಕೊಟ್ಟ ಉತ್ತರ ನೋಡಿ ಎಂದೆನಲ್ಲ, ಅದಕ್ಕೆ ಕಾರಣವಿದೆ. ಡಿಸ್ಕ್ ಬರೆಯಲಾರದೆ ದೋಷ ಹೇಳಿದಾಗ ಡ್ರೈವರ್ ಆ ಡರ್ಟಿ ಪುಟವನ್ನು ಏನು ಮಾಡಬೇಕು? ಡರ್ಟಿಯಾಗಿಯೇ ಉಳಿಸಿದರೆ, ಕಿತ್ತು ಹೋದ ಪೆನ್‌ಡ್ರೈವ್‌ನ ಪುಟಗಳು ಮೆಮೊರಿ ತುಂಬಿಕೊಂಡು ಕೂರುತ್ತವೆ. ಹಾಗಾಗಿ ಲಿನಕ್ಸ್‌ನ ಇಎಕ್ಸ್‌ಟಿ4ನಂಥ ಫೈಲ್ ಸಿಸ್ಟಂಗಳು ಗುರುತನ್ನು ಅಳಿಸಿ, ದೋಷವನ್ನು ಒಮ್ಮೆ ವರದಿ ಮಾಡಿ ಮುಂದೆ ಸಾಗುತ್ತವೆ. ಮೊದಲ ಎಫ್‌ಸಿಂಕ್ ವಿಫಲ, ಎರಡನೆಯದು ಸಫಲ, ಆದರೆ ದತ್ತಾಂಶ ಡಿಸ್ಕಿನಲ್ಲಿಲ್ಲ! ವಿಫಲವಾದರೆ ಮತ್ತೆ ಪ್ರಯತ್ನಿಸಿದರಾಯಿತು ಎಂದು ನಂಬಿದ್ದ ಪೋಸ್ಟ್‌ಗ್ರೆಸ್‌ಕ್ಯುಎಲ್ ಡೇಟಾಬೇಸ್‌ನವರಿಗೆ 2018ರಲ್ಲಿ ಇದು ಆಘಾತವಾಗಿಯೇ ಬಂತು. 2019ರ ಫೆಬ್ರುವರಿಯ ಬಿಡುಗಡೆಗಳಿಂದ ಅವರ ಡೇಟಾಬೇಸ್ ಎಫ್‌ಸಿಂಕ್ ವಿಫಲವಾದ ಕೂಡಲೇ ತಾನೇ ನಿಂತುಬಿಡುತ್ತದೆ. ಮತ್ತೆ ಶುರುವಾಗಿ ತನ್ನ ಲಾಗ್‌ನಿಂದ ಎಲ್ಲವನ್ನೂ ಮರುಬರೆಯುತ್ತದೆ. ನೀವೂ ಹಾಗೆಯೇ ಮಾಡಿ: ವಿಫಲವಾದರೆ ಅದೇ ಫೈಲಿನ ಮೇಲೆ ಎಫ್‌ಸಿಂಕ್ ಅನ್ನು ಮತ್ತೆ ಕರೆಯಬೇಡಿ, ನಿಮ್ಮ ಬಳಿ ಇರುವ ದತ್ತಾಂಶವನ್ನು ಬೇರೆ ಫೈಲಿಗೆ ಮೊದಲಿಂದ ಬರೆಯಿರಿ.

ಒಂದೇ ಡಿಸ್ಕನ್ನು ಎರಡು ಯಂತ್ರಗಳಿಗೆ ಜೋಡಿಸುವ ವಿಚಾರ: ದಯವಿಟ್ಟು ಬೇಡ. ಮೇಲೆ ಹೇಳಿದ್ದೆಲ್ಲವೂ ಈ ಡಿಸ್ಕಿಗೆ ಬರೆಯುವವನು ನಾನೊಬ್ಬನೇ ಎಂಬ ಡ್ರೈವರ್‌ನ ನಂಬಿಕೆಯ ಮೇಲೆ ನಿಂತಿದೆ. ಪ್ರತಿ ಯಂತ್ರಕ್ಕೂ ತನ್ನದೇ ಪೇಜ್ ಕ್ಯಾಶ್ ಇದೆ. ಒಂದು ಯಂತ್ರ ಬಿಟ್‌ಮ್ಯಾಪನ್ನು ಒಮ್ಮೆ ಓದಿಕೊಂಡ ಮೇಲೆ ಡಿಸ್ಕಿನಲ್ಲಿ ಅದು ಬದಲಾಗಿದೆಯೇ ಎಂದು ಮತ್ತೆ ನೋಡುವುದಿಲ್ಲ. ಇನ್ನೊಂದು ಯಂತ್ರ ಆಗಲೇ ಹಂಚಿದ ಬ್ಲಾಕನ್ನು ಇದೂ ಹಂಚುತ್ತದೆ. ಎರಡನೆಯ ಯಂತ್ರ ಬರೀ ಓದುತ್ತದಲ್ಲ ಎನ್ನಬಹುದು. ಆಗಲೂ ಅದಕ್ಕೆ ಸಿಗುವುದು ಹಳೆಯ ಮತ್ತು ಹೊಸ ಬ್ಲಾಕುಗಳ ಕಲಸುಮೇಲೋಗರ. ಅದಕ್ಕಿಂತ ಕೆಟ್ಟ ಸಂಗತಿ ಎಂದರೆ, ಇಎಕ್ಸ್‌ಟಿ4 ಅನ್ನು ಓದಲು ಮಾತ್ರ ಎಂದು ಮೌಂಟ್ ಮಾಡಿದರೂ ಜರ್ನಲ್‌ನಲ್ಲಿ ಬಾಕಿ ಕಂಡರೆ ಡ್ರೈವರ್ ಅದನ್ನು ಡಿಸ್ಕಿಗೆ ಮರುಬರೆಯುತ್ತದೆ. ಅಂದರೆ ಓದಲು ಬಂದವನು ಚಾಲೂ ಇರುವ ಡಿಸ್ಕಿಗೆ ಕೈಹಾಕುತ್ತಾನೆ. ಒಂದೇ ಯಂತ್ರದಲ್ಲೂ ಈ ಅಪಾಯ ಇನ್ನೊಂದು ವೇಷದಲ್ಲಿ ಬರುತ್ತದೆ. ವಿಂಡೋಸನ್ನು ಹೈಬರ್ನೇಟ್ ಮಾಡಿ ಲಿನಕ್ಸ್ ಶುರು ಮಾಡಿದರೆ, ನಿದ್ದೆ ಹೋದ ವಿಂಡೋಸ್‌ನ ಮೆಮೊರಿಯಲ್ಲಿ ಆ ಡಿಸ್ಕ್ ಇನ್ನೂ ಮೌಂಟ್ ಆಗಿಯೇ ಇದೆ. ಅದನ್ನು ತಿದ್ದಿದರೆ, ಎದ್ದ ವಿಂಡೋಸ್ ತನ್ನ ಹಳೆಯ ಲೆಕ್ಕವನ್ನೇ ನಂಬಿ ಬರೆಯುತ್ತದೆ. ಲಿನಕ್ಸ್‌ನಲ್ಲಿ ಎನ್‌ಟಿಎಫ್‌ಎಸ್ ಡಿಸ್ಕನ್ನು ಬಳಸಲು ಇರುವ ಎನ್‌ಟಿಎಫ್‌ಎಸ್-3ಜಿ ಡ್ರೈವರ್ ಅಂಥ ಡಿಸ್ಕಿಗೆ ಬರೆಯಲು ನಿರಾಕರಿಸುವುದು ಇದಕ್ಕೇ.

ಹಲವು ಯಂತ್ರಗಳು ಒಂದೇ ಡಿಸ್ಕನ್ನು ಹಂಚಿಕೊಳ್ಳಲೇಬೇಕಾದರೆ ಜಿಎಫ್‌ಎಸ್2, ಒಸಿಎಫ್‌ಎಸ್2 ಎಂಬ ಕ್ಲಸ್ಟರ್ ಫೈಲ್ ಸಿಸ್ಟಂಗಳಿವೆ. ಅಲ್ಲಿ ಯಂತ್ರಗಳು ಪರಸ್ಪರ ಮಾತನಾಡಿ ಬೀಗ ಪಡೆಯುತ್ತವೆ. ಬೀಗ ಬಿಟ್ಟುಕೊಡುವ ಮುನ್ನ ತನ್ನ ಡರ್ಟಿ ಪುಟಗಳನ್ನು ಡಿಸ್ಕಿಗೆ ಕಳುಹಿಸಿ, ಕ್ಯಾಶ್‌ನಲ್ಲಿರುವುದನ್ನು ರದ್ದು ಮಾಡಬೇಕು. ನಿಮ್ಮ ಅಳತೆಗಳಿಗೆ ಅದು ಅತಿಯಾಯಿತು. ಎರಡನೆಯ ಪ್ರತಿ ಬೇಕಿದ್ದರೆ ಪ್ರತಿ ಸಾಲನ್ನೂ ನೆಟ್‌ವರ್ಕ್ ಮೂಲಕ ಎರಡನೆಯ ಯಂತ್ರಕ್ಕೆ ಕಳುಹಿಸಿ, ಅದು ತನ್ನದೇ ಡಿಸ್ಕಿನಲ್ಲಿ ಬರೆದುಕೊಳ್ಳಲಿ.

ಬದಲಾಯಿಸಿದ ಪ್ರೋಗ್ರಾಂ ಅನ್ನು ಪರೀಕ್ಷಿಸುವಾಗ ಒಂದು ಎಚ್ಚರ. ಪ್ರೋಗ್ರಾಂ ಅನ್ನು ಕಿಲ್ ಆದೇಶದಿಂದ ಕೊಂದು ನೋಡುವುದು ವಿದ್ಯುತ್ ಹೋದದ್ದಕ್ಕೆ ಸಮವಲ್ಲ. ಪ್ರೋಗ್ರಾಂ ಸತ್ತರೂ ಪೇಜ್ ಕ್ಯಾಶ್ ಬದುಕಿರುತ್ತದೆ, ಎಫ್‌ಸಿಂಕ್ ಇಲ್ಲದ ಕೋಡ್ ಕೂಡ ಈ ಪರೀಕ್ಷೆಯಲ್ಲಿ ಪಾಸಾಗುತ್ತದೆ. ವರ್ಚುವಲ್ ಯಂತ್ರವೊಂದನ್ನು ಥಟ್ಟನೆ ಆರಿಸುವುದು ಇದಕ್ಕಿಂತ ವಾಸಿ, ಏಕೆಂದರೆ ಅತಿಥಿ ಕರ್ನಲ್‌ನ ಕ್ಯಾಶ್ ನಿಜಕ್ಕೂ ಹೋಗುತ್ತದೆ. ಆದರೆ ಆತಿಥೇಯ ಯಂತ್ರ ಪಡೆದುಕೊಂಡದ್ದೆಲ್ಲ ಉಳಿಯುವುದರಿಂದ ಡಿಸ್ಕಿನ ಕ್ಯಾಶ್‌ನ ಕಥೆ ಅಲ್ಲಿ ಹೊರಬರುವುದಿಲ್ಲ. ಲಿನಕ್ಸ್‌ನ ಡಿವೈಸ್ ಮ್ಯಾಪರ್‌ನಲ್ಲಿ ಲಾಗ್-ರೈಟ್ಸ್ ಎಂಬ ಸಾಧನವಿದೆ. ಡಿಸ್ಕಿಗೆ ಹೋದ ಪ್ರತಿಯೊಂದು ಬರವಣಿಗೆಯನ್ನೂ ಫ್ಲಶ್ ಆದೇಶವನ್ನೂ ಅದು ಸರದಿಯಂತೆ ದಾಖಲಿಸುತ್ತದೆ. ಆ ದಾಖಲೆಯನ್ನು ಬೇಕಾದ ಜಾಗದಲ್ಲಿ ತುಂಡರಿಸಿ, ಅಲ್ಲಿಯವರೆಗಿನದನ್ನು ಮಾತ್ರ ಖಾಲಿ ಡಿಸ್ಕಿಗೆ ಬರೆದು, ಮೌಂಟ್ ಮಾಡಿ, ನಿಮ್ಮ ಫೈಲ್ ಯಾವ ಸ್ಥಿತಿಯಲ್ಲಿದೆ ಎಂದು ನೋಡಬಹುದು. ನಿಮ್ಮ ಹಳೆಯ ಕೋಡನ್ನೂ ಒಮ್ಮೆ ಅದರ ಮೇಲೆ ಓಡಿಸಿ. ಸೊನ್ನೆ ಗಾತ್ರದ ಫೈಲ್ ಯಾವ ಎರಡು ಬರವಣಿಗೆಗಳ ನಡುವೆ ಹುಟ್ಟುತ್ತದೆ ಎಂಬುದು ನಿಮಗೇ ಕಾಣುತ್ತದೆ.